ಮುತ್ಯಾನ ಹೆಸರನ್ನು ರಾಜ್ಯೋತ್ಸವ ಪ್ರಶಸ್ತಿಗೆ ಕಳಿಸುವ ಮೊದಲು: ಫೈಲು ಕಟ್ಟುವವರಿಗೆ ಒಂದಿಷ್ಟು ಮಾತು

ಕೊಪ್ಪಳ ಜಿಲ್ಲೆಯ ಕುಷ್ಟಗಿಯಲ್ಲಿ ನನ್ನದೊಂದು ಡಿಟಿಪಿ, ಝೆರಾಕ್ಸ್ ಅಂಗಡಿ. ಮದುವೆ ಪತ್ರಿಕೆ, ಪಹಣಿ, ಬೆಳೆ ವಿಮೆ ಅರ್ಜಿ ಅಂತ ವರ್ಷವಿಡೀ ಕೆಲಸ ನಡೆದೇ ಇರುತ್ತದೆ. ಶ್ರಾವಣ ಹಿಡಿದ ಮೇಲೆ ಮಾತ್ರ ಬೇರೆ ನಮೂನೆಯ ಗಿರಾಕಿಗಳು ಬರುತ್ತಾರೆ: ದೊಡ್ಡಾಟದ ಮಾಸ್ತರರು, ಗೀಗೀ ಪದದವರು, ಕರಡಿ ಮಜಲು ವಾದ್ಯದವರು, ಸೋಬಾನೆ ಹಾಡುವ ಅವ್ವಂದಿರು. ಖರೆ ಹೇಳಬೇಕೆಂದರೆ ಅವರಿಗಿಂತ ಹೆಚ್ಚಾಗಿ ಅವರ ಮೊಮ್ಮಕ್ಕಳು ಬರುತ್ತಾರೆ. 'ಅಣ್ಣಾ, ನಮ್ಮ ಮುತ್ಯಾಂದು ರಾಜ್ಯೋತ್ಸವ ಪ್ರಶಸ್ತಿಗೆ ಒಂದು ಫೈಲ್ ಮಾಡಿಕೊಡು, ನಾಳೆನೇ ಬೆಂಗಳೂರಿಗೆ ಕಳಿಸಬೇಕು' ಎನ್ನುತ್ತಾರೆ. ನಾಳೆಗೆ ಆಗುವ ಕೆಲಸ ಅಲ್ಲ ಇದು. ಆ ಮೊಮ್ಮಕ್ಕಳಿಗಾಗಿಯೇ ಇದನ್ನು ಬರೆದಿದ್ದೇನೆ.

ಪ್ರಶಸ್ತಿಯ ಲೆಕ್ಕವನ್ನು ಮೊದಲು ತಿಳಿದುಕೊಳ್ಳಿ. ರಾಜ್ಯೋತ್ಸವ ಪ್ರಶಸ್ತಿ 1966ರಿಂದ ಇದೆ. ಕರ್ನಾಟಕ ರತ್ನವನ್ನು ಬಿಟ್ಟರೆ ರಾಜ್ಯ ಸರ್ಕಾರ ಕೊಡುವ ದೊಡ್ಡ ಗೌರವ ಇದೇ. ಈಗ 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ ಕೊಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಎಷ್ಟನೆಯ ರಾಜ್ಯೋತ್ಸವವೋ ಅಷ್ಟು ಮಂದಿಗೆ ಪ್ರಶಸ್ತಿ: 2023ರಲ್ಲಿ 68, 2024ರಲ್ಲಿ 69. ಕೇಳಲಿಕ್ಕೆ ದೊಡ್ಡ ಸಂಖ್ಯೆ. ಆದರೆ ಸಾಹಿತ್ಯ, ಸಿನಿಮಾ, ಕ್ರೀಡೆ, ವೈದ್ಯಕೀಯ, ವಿಜ್ಞಾನ, ಕೃಷಿ, ಮಾಧ್ಯಮ, ಸಮಾಜಸೇವೆ, ಹೊರನಾಡು ಎಲ್ಲ ಅದರೊಳಗೇ ಬರಬೇಕು. ಜಾನಪದಕ್ಕೆ, ಬಯಲಾಟಕ್ಕೆ ಉಳಿಯುವುದು ಬೆರಳೆಣಿಕೆ. ಅದರಲ್ಲಿ 31 ಜಿಲ್ಲೆಯವರೂ ಪಾಲು ಕೇಳುತ್ತಾರೆ. ವಯಸ್ಸು ಸಾಮಾನ್ಯವಾಗಿ 60 ದಾಟಿರಬೇಕು ಎನ್ನುವ ನಿಯಮ ಬೇರೆ ಇದೆ. ಹಾಗಾಗಿ ಮೂವತ್ತೈದರ ಡೊಳ್ಳು ಕಲಾವಿದನ ಫೈಲನ್ನು ಸೀದಾ ಇಲ್ಲಿಗೆ ಕಳಿಸುವುದು ಅಂಚೆ ಖರ್ಚಿಗೆ ದಂಡ.

ಅರ್ಜಿ ಹೇಗೆ ಎನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಸೇವಾ ಸಿಂಧು ಪೋರ್ಟಲಿನಲ್ಲಿ ಸಾರ್ವಜನಿಕರು ನಾಮನಿರ್ದೇಶನ ಮಾಡಿ ಎಂದು ಕರೆದ ವರ್ಷಗಳಿವೆ. ಪ್ರಶಸ್ತಿಗೆ ಅರ್ಜಿ ಹಾಕಿಸಿಕೊಳ್ಳುವುದೇ ಸರಿಯಲ್ಲ, ನಾವೇ ಹುಡುಕಿ ಕೊಡುತ್ತೇವೆ ಎಂದು ಸರ್ಕಾರ ಹೇಳಿದ್ದೂ ಇದೆ. ಆ ವರ್ಷದ ಪ್ರಕಟಣೆಯನ್ನು ನೋಡಿಯೇ ಮುಂದುವರಿಯಿರಿ. ಹೋದ ವರ್ಷದ ಫಾರಂ ಝೆರಾಕ್ಸ್ ಮಾಡಿಸಿ ತುಂಬಬೇಡಿ.

'ಅವರೇ ಹುಡುಕುವುದಾದರೆ ಫೈಲು ಯಾಕೆ?' ಅಂತ ಕೇಳುತ್ತಾರೆ. ಹುಡುಕುವವರಿಗೆ ಸಿಗಬೇಕಲ್ಲ. ಬೆಂಗಳೂರಿನಲ್ಲಿ ಕುಳಿತ ಆಯ್ಕೆ ಸಮಿತಿಗೆ ನಮ್ಮ ಹನುಮನಾಳ, ದೋಟಿಹಾಳದ ಹೆಸರು ಗೊತ್ತಿರಲಿಕ್ಕಿಲ್ಲ. ಹೆಸರು ಬಂದಾಗ ಜಿಲ್ಲೆಯಿಂದ ವಿವರ ಕೇಳಿದರೆ, ಜಿಲ್ಲಾ ಕೇಂದ್ರದಲ್ಲಿರುವ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಒಂದು ಅಚ್ಚುಕಟ್ಟಾದ ಪ್ರತಿ ಇರಬೇಕು. ಮೇಲಿನಿಂದ ಯಾರೂ ಕೇಳದಿದ್ದರೂ ಅಲ್ಲಿ ಒಂದು ಪ್ರತಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ತಾರೀಖು ಹಾಕಿಸಿಕೊಳ್ಳಿ.

ಯಾವ ಬಾಗಿಲು

ಒಂದೇ ಸಲಕ್ಕೆ ಮೇಲಿನ ಮೆಟ್ಟಿಲಿಗೆ ಹಾರಬೇಡಿ ಎನ್ನುವುದು ನನ್ನ ಸಲಹೆ. ಕೆಳಗಿನಿಂದ ನೋಡಿದರೆ ಮೊದಲು ಬರುವುದು ಮಾಸಾಶನ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಇಲಾಖೆ ತಿಂಗಳಾ ಕೊಡುವ ಹಣ ಅದು. ಪ್ರಶಸ್ತಿ ಒಬ್ಬರಿಗೆ ಬಂದರೆ ಬಂತು. ಮಾಸಾಶನ ಅರ್ಹರಾದ ಬಹಳ ಮಂದಿಗೆ ಸಿಗುತ್ತದೆ, ಔಷಧದ ಖರ್ಚಾದರೂ ನೀಗುತ್ತದೆ. ಫೈಲು ಹಿಡಿದು ಬಂದವರಿಗೆಲ್ಲ ನಾನು ಮೊದಲು ಕೇಳುವುದು 'ಮಾಸಾಶನ ಆಗೇತೇನು?' ಅಂತ. ಇಲ್ಲ ಎಂದರೆ ಮೊದಲು ಆ ಅರ್ಜಿ. ಎರಡಕ್ಕೂ ಬೇಕಾಗುವ ಕಾಗದ ಮುಕ್ಕಾಲು ಪಾಲು ಒಂದೇ.

ಆಮೇಲೆ ಜಿಲ್ಲಾಡಳಿತದವರು ನವೆಂಬರ್ 1ಕ್ಕೆ ಕೊಡುವ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ. ಅದರ ನಂತರ ಅಕಾಡೆಮಿಗಳು ವರ್ಷ ವರ್ಷ ಕೊಡುವ ಪ್ರಶಸ್ತಿಗಳು. ಜನ ಎಡವುವುದು ಇಲ್ಲಿಯೇ, ಯಾವ ಕಲೆ ಯಾವ ಅಕಾಡೆಮಿಗೆ ಎನ್ನುವಲ್ಲಿ. ಗೀಗೀ, ಲಾವಣಿ, ಸೋಬಾನೆ, ಚೌಡಿಕೆ ಪದ, ಡೊಳ್ಳು, ಕರಡಿ ಮಜಲು, ವೀರಗಾಸೆ ಎಲ್ಲ ಜಾನಪದ ಅಕಾಡೆಮಿಗೆ. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ, ಮೂಡಲಪಾಯ, ತೊಗಲುಗೊಂಬೆಯಾಟ ಬಯಲಾಟ ಅಕಾಡೆಮಿಗೆ; ಅದು ಬೆಂಗಳೂರಿನಲ್ಲಿಲ್ಲ, ಬಾಗಲಕೋಟೆಯಲ್ಲಿದೆ. ಕರಾವಳಿಯ ತೆಂಕು, ಬಡಗು ತಿಟ್ಟಿನವರಿಗೆ ಯಕ್ಷಗಾನ ಅಕಾಡೆಮಿ ಬೇರೆ ಇದೆ. ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಬಾರಿಸಿದವರು, ಸ್ತ್ರೀ ಪಾತ್ರ ಹಾಕಿದವರು ನಾಟಕ ಅಕಾಡೆಮಿಗೆ ಬರುತ್ತಾರೆ. ಕಥಾಕೀರ್ತನ, ಗಮಕ, ಸುಗಮ ಸಂಗೀತ ಸಂಗೀತ ನೃತ್ಯ ಅಕಾಡೆಮಿಗೆ. ಕಲ್ಲು, ಕಟ್ಟಿಗೆ, ಲೋಹದ ಕೆಲಸ ಶಿಲ್ಪಕಲಾ ಅಕಾಡೆಮಿಗೆ. ತೊಗಲುಗೊಂಬೆಯವರ ಫೈಲು ಜಾನಪದಕ್ಕೆ ಹೋಗಿ ಅಲ್ಲೇ ಧೂಳು ತಿಂದದ್ದು ನೋಡಿದ್ದೇನೆ. ಒಂದೇ ಅಜ್ಜ ಆಟವನ್ನೂ ಆಡಿಸಿ ಪದವನ್ನೂ ಹಾಡಿದರೆ? ಊರವರು ಅವರನ್ನು ಏನಂತ ಕರೆಯುತ್ತಾರೋ ನೋಡಿ. 'ಆಟದ ಮಾಸ್ತರ' ಎಂದರೆ ಬಯಲಾಟ. ಎರಡೂ ಕಡೆ ಅರ್ಧರ್ಧ ಹೇಳಿಕೊಂಡರೆ ಯಾವ ಕಡೆಯೂ ಗಟ್ಟಿಯಾಗಿ ಕಾಣುವುದಿಲ್ಲ.

ಇಲಾಖೆಯೇ ಕೊಡುವ ಜಾನಪದ ಶ್ರೀ, ಜಕಣಾಚಾರಿ, ಗುಬ್ಬಿ ವೀರಣ್ಣ ಮುಂತಾದ ರಾಜ್ಯ ಪ್ರಶಸ್ತಿಗಳು ಬೇರೆಯೇ ಇವೆ. ಅವು ಒಂದೊಂದು ಕ್ಷೇತ್ರದ ದೊಡ್ಡ ಸಾಧಕರಿಗೆ.

ಅಜ್ಜನ ಮುಂದೆ ಕೂತು ಕೇಳುವುದು

ಇದಕ್ಕೆ ಸಮಯ ಕೊಡಿ. ಎಲ್ಲಕ್ಕಿಂತ ಮೊದಲು ಅವರಿಗೆ ಇದು ಬೇಕೋ ಬೇಡವೋ ಕೇಳಿ. ಕೆಲವರು ಬೇಡ ಎನ್ನುತ್ತಾರೆ. ಕೇಳದೆ ಕಳಿಸಿದವರ ಮನೆಯಲ್ಲಿ ಜಗಳವಾಗಿದೆ.

ಒಪ್ಪಿದರೆ, ಸಂಜೆ ಹೊತ್ತು ಅವರ ಜೊತೆ ಒಬ್ಬ ಹಿಮ್ಮೇಳದವರನ್ನೂ ಕೂರಿಸಿಕೊಳ್ಳಿ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಎತ್ತಿಕೊಡುತ್ತಾರೆ. ಮೊಬೈಲಿನಲ್ಲಿ ರೆಕಾರ್ಡ್ ಹಾಕಿಡಿ. 'ಯಾವ ಇಸವಿಯಲ್ಲಿ ಶುರು ಮಾಡಿದಿರಿ?' ಎಂದರೆ ಉತ್ತರ ಬರುವುದಿಲ್ಲ. ಇಸವಿ ನಮ್ಮ ಹಿರಿಯರ ಲೆಕ್ಕವಲ್ಲ. 'ಎಪ್ಪತ್ತೆರಡರ ಬರಕ್ಕಿಂತ ಮುಂಚೆಯೋ ಆಮೇಲೋ?' ಎಂದು ಕೇಳಿ, ತಕ್ಷಣ ಹೇಳುತ್ತಾರೆ. ನಮ್ಮ ಭಾಗದಲ್ಲಿ ನಾನು ಬಳಸುವ ಗುರುತುಗಳು ಇವು: ಹೊಸಪೇಟೆ ಡ್ಯಾಮು ಆದದ್ದು 1953, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973, ಇಂದಿರಾ ಗಾಂಧಿ ತೀರಿಕೊಂಡದ್ದು 1984, ರಾಯಚೂರಿನಿಂದ ಕೊಪ್ಪಳ ಜಿಲ್ಲೆ ಬೇರೆಯಾದದ್ದು 1997, ರಾಜ್‌ಕುಮಾರ್ ಅಪಹರಣ 2000. ಈ ಗೂಟಗಳ ನಡುವೆ ಅವರ ಆಯುಷ್ಯವನ್ನು ಕಟ್ಟಿದರೆ ಸುಮಾರು ಇಸವಿ ಸಿಗುತ್ತದೆ. ಬರೆಯುವಾಗ '1974ರ ಸುಮಾರಿಗೆ' ಎಂದೇ ಬರೆಯಿರಿ. ಗೊತ್ತಿಲ್ಲದ ತಾರೀಖನ್ನು ಗೊತ್ತಿದ್ದಂತೆ ಬರೆದರೆ ಇನ್ನೊಂದು ಕಾಗದದಲ್ಲಿ ಅದು ತಾಳೆಯಾಗದೆ ಸಿಕ್ಕಿಬೀಳುತ್ತದೆ.

ಕೇಳಲೇಬೇಕಾದವು ಇನ್ನೂ ಇವೆ. ಯಾರಿಂದ ಕಲಿತರು, ಆ ಗುರು ಯಾವ ಊರು. ಎಷ್ಟು ಪ್ರಸಂಗ ಬಾಯಿಪಾಠ ಬರುತ್ತದೆ, ಅವುಗಳ ಹೆಸರು ಒಂದೊಂದಾಗಿ. ಯಾವ ಯಾವ ಪಾತ್ರ. ಯಾವ ಜಾತ್ರೆಗೆ ಖಾಯಂ ಕರೆಯುತ್ತಿದ್ದರು. ಯಾರಿಗೆ ಕಲಿಸಿದರು, ಆ ಶಿಷ್ಯರು ಈಗ ಆಡುತ್ತಿದ್ದಾರೋ ಬಿಟ್ಟಿದ್ದಾರೋ. ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರವೇ ಫೈಲಿನ ಬೆನ್ನೆಲುಬು. ತಾನು ಆಡಿದ ಕಲಾವಿದ ಬಹಳ ಮಂದಿ ಇರುತ್ತಾರೆ. ನಾಲ್ಕು ಊರಿಗೆ ಹೋಗಿ ಹುಡುಗರನ್ನು ತಯಾರು ಮಾಡಿ, ಆಟ ನಿಲ್ಲದ ಹಾಗೆ ನೋಡಿಕೊಂಡವರು ಕಡಿಮೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ತಾಳ್ಮೆ ಬೇಕು. ಸೋಬಾನೆ, ಬೀಸುವ ಪದ ಹಾಡುವ ಅವ್ವ 'ನಂದೇನೈತಪ್ಪಾ, ಮದುವ್ಯಾಗ ನಾಕ್ ಪದ ಹಾಡತೀನಿ' ಎಂದು ಎದ್ದೇ ಹೋಗುತ್ತಾಳೆ. ಅವಳ ಹತ್ತಿರ ಪ್ರಮಾಣಪತ್ರ ಒಂದೂ ಇರುವುದಿಲ್ಲ. ಇಂಥ ಕಡೆ ಹಾಡೇ ದಾಖಲೆ. ಪದಗಳ ಮೊದಲ ಸಾಲನ್ನು ಪಟ್ಟಿ ಮಾಡಿ, ಒಂದೆರಡು ಪೂರ್ತಿ ಹಾಡು ಬರೆದು ಲಗತ್ತಿಸಿ, ರೆಕಾರ್ಡನ್ನು ಪೆನ್ ಡ್ರೈವಿನಲ್ಲಿ ಇಡಿ. ದರೋಜಿ ಈರಮ್ಮ ಅವರನ್ನು ನೆನೆಸಿಕೊಳ್ಳಿ. ಅಕ್ಷರ ಬಾರದ ಬುರ್ರಕಥಾ ಹಾಡುಗಾರ್ತಿ. ಅವರ ನಾಲಿಗೆಯ ಮೇಲಿದ್ದ ಮಹಾಕಾವ್ಯಗಳು ಹೊರಗೆ ಗೊತ್ತಾದದ್ದು ಕೂತು ಕೇಳಿ ಬರೆದುಕೊಂಡವರಿಂದ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಬಂತು. ಜೋಗತಿ ಮಂಜಮ್ಮ ಅವರಿಗೆ 2010ರಲ್ಲಿ ರಾಜ್ಯೋತ್ಸವ ಬಂತು, ಆಮೇಲೆ ಅವರೇ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಸರ್ಟಿಫಿಕೇಟಿನ ದಪ್ಪ ನೋಡಿ ಇವರನ್ನು ಯಾರೂ ಗುರುತಿಸಲಿಲ್ಲ.

ಕಾಗದ ಪತ್ರ

ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಆಟದ ಪತ್ರಿಕೆಯಲ್ಲಿ ಮತ್ತೊಂದು ಇರುವುದು ನಮ್ಮ ಕಡೆ ಮಾಮೂಲು. ಹನುಮಂತಪ್ಪ, ಹನಮಪ್ಪ, 'ಭೀಮನ ಪಾತ್ರದ ಹನಮಪ್ಪ'. ಫೈಲಿನ ಮೇಲೆ ಆಧಾರ್ ಹೆಸರನ್ನೇ ಹಾಕಿ, ಕೆಳಗೆ 'ಕಲಾರಂಗದಲ್ಲಿ ಈ ಹೆಸರಿನಿಂದ ಪರಿಚಿತರು' ಎಂದು ಇನ್ನೊಂದನ್ನು ಸೇರಿಸಿ. ಬ್ಯಾಂಕಿನ ಹೆಸರು ಬೇರೆ ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ, ಹಣ ಮಂಜೂರಾದ ಮೇಲೆ ಓಡಾಡುವುದು ಕಷ್ಟ. ವಯಸ್ಸಿನದೂ ಅದೇ ಕಥೆ. ಬಹಳ ಹಿರಿಯರ ಆಧಾರ್‌ನಲ್ಲಿ ಜನವರಿ 1 ಇರುತ್ತದೆ, ಇಸವಿ ಅಂದಾಜು. ಎಪ್ಪತ್ತಾದ ಅಜ್ಜ ಕಾಗದದಲ್ಲಿ ಐವತ್ತೆಂಟು ಇದ್ದರೆ 60ರ ನಿಯಮದ ಮುಂದೆ ಯಾರ ಮಾತೂ ನಡೆಯುವುದಿಲ್ಲ. ಶಾಲೆಗೆ ಒಂದು ವರ್ಷ ಹೋಗಿದ್ದರೂ ದಾಖಲಾತಿ ಪುಸ್ತಕದಲ್ಲಿ ಹೆಸರು ಹುಡುಕಿಸಿ.

ಫೋಟೋಗಳಲ್ಲಿ ಶಾಲು, ಹಾರ, ಮಂತ್ರಿಗಳ ಪಕ್ಕ ನಿಂತದ್ದು ಒಂದೇ ಸಾಕು. ವೇಷ ಕಟ್ಟಿದ್ದು, ಭುಜಕೀರ್ತಿ ಹಾಕಿಕೊಂಡು ರಂಗದ ಮೇಲೆ ನಿಂತದ್ದು, ಮಕ್ಕಳಿಗೆ ಕಲಿಸುತ್ತಿರುವುದು, ಡಪ್ಪು ತುಂತುಣಿ ಹಿಡಿದದ್ದು, ಇಂಥವು ಬೇಕು. ಪ್ರತಿ ಫೋಟೋದ ಕೆಳಗೆ ಊರು, ಸಂದರ್ಭ, ವರ್ಷ ಬರೆಯಿರಿ. ಹೆಸರಿಲ್ಲದ ಫೋಟೋ ಬರೀ ಬಣ್ಣದ ಕಾಗದ.

ಪತ್ರಿಕೆಯ ತುಣುಕು ಕತ್ತರಿಸುವಾಗ ಜನ ಸುದ್ದಿಯನ್ನಷ್ಟೇ ಕತ್ತರಿಸಿ, ಪತ್ರಿಕೆಯ ಹೆಸರು ತಾರೀಖು ಇರುವ ಅಂಚನ್ನು ಒಲೆಗೆ ಹಾಕುತ್ತಾರೆ. ಆ ಅಂಚನ್ನೂ ಜೊತೆಗಿಟ್ಟು ಸ್ಕ್ಯಾನ್ ಮಾಡಿಸಿ. ಹಳದಿಯಾದ ಕಾಗದವನ್ನು ಕಪ್ಪು ಬಿಳುಪು ಝೆರಾಕ್ಸ್ ಮಾಡಿದರೆ ಮಸಿ ಮೆತ್ತಿದಂತೆ ಬರುತ್ತದೆ, ಕಲರ್ ಸ್ಕ್ಯಾನ್ ಮಾಡಿಸಿ. ಹಳೆಯ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಬೇಡ. ನನ್ನ ಅಂಗಡಿಗೆ ಅದರಿಂದ ನಾಲ್ಕು ಕಾಸು ಬರುತ್ತದೆ, ಆದರೂ ಬೇಡ ಅಂತಲೇ ಹೇಳುತ್ತೇನೆ. ಒಳಗೆ ಗಾಳಿ ಸೇರಿ ಮಡಿಕೆ ಬಿದ್ದರೆ ಮತ್ತೆ ಬಿಚ್ಚಲಿಕ್ಕೆ ಬರುವುದಿಲ್ಲ.

ಮೂಲ ಪತ್ರಗಳನ್ನು ಯಾರ ಕೈಗೂ ಕೊಡಬೇಡಿ. 'ನಾನು ಬೆಂಗಳೂರಿಗೆ ಹೊಂಟೀನಿ, ಕೊಡ್ರಿ, ಮುಟ್ಟಸ್ತೀನಿ' ಎಂದವರಿಗೆ ಕೂಡ.

ಧಾರವಾಡ, ಹೊಸಪೇಟೆ ಅಥವಾ ಕಲಬುರಗಿ ಆಕಾಶವಾಣಿಯಲ್ಲಿ ಹಾಡಿದ್ದರೆ ಅವರು ಕಳಿಸಿದ ಕರಾರು ಪತ್ರ ಮನೆಯ ಟ್ರಂಕಿನಲ್ಲಿ ಎಲ್ಲೋ ಇದ್ದೇ ಇರುತ್ತದೆ. ಹುಡುಕಿ. ಸರ್ಕಾರಿ ಸಂಸ್ಥೆಯ ತಾರೀಖು ಹಾಕಿದ ಕಾಗದ ಅದು, ಹತ್ತು ಸನ್ಮಾನ ಪತ್ರಕ್ಕೆ ಸಮ. ಜಾತ್ರೆಯ ಹಳೆಯ ಕರಪತ್ರ, ದಸರಾ ಅಥವಾ ಹಂಪಿ ಉತ್ಸವದ ಆಹ್ವಾನ ಪತ್ರಿಕೆಯಲ್ಲಿ ಹೆಸರಿದ್ದರೆ ಅದೂ ಹಾಗೆಯೇ. ಏನೂ ಸಿಗದಿದ್ದರೆ ಗ್ರಾಮ ಪಂಚಾಯ್ತಿಯಿಂದ ಠರಾವು ಮಾಡಿಸಿ, 'ಇಂಥವರು ನಮ್ಮ ಗ್ರಾಮದಲ್ಲಿ ಇಷ್ಟು ವರ್ಷದಿಂದ ಈ ಕಲೆಯನ್ನು ನಡೆಸಿಕೊಂಡು ಬಂದಿದ್ದಾರೆ' ಎಂದು.

ಬರೆಯುವುದು

ಪರಿಚಯ ಒಂದೂವರೆ ಪುಟ ಮೀರಬಾರದು. ನನ್ನ ಹತ್ತಿರ ಬರುವ ಕೈಬರಹದ ಕರಡು ಹೆಚ್ಚುಕಡಿಮೆ ಹೀಗಿರುತ್ತದೆ: 'ಶ್ರೀಯುತರು ಅಪ್ರತಿಮ ಕಲಾವಿದರಾಗಿದ್ದು, ಕಲಾ ಸರಸ್ವತಿಯ ವರಪುತ್ರರಾಗಿ, ನಾಡಿನಾದ್ಯಂತ ಕೀರ್ತಿ ಪತಾಕೆಯನ್ನು ಹಾರಿಸಿ, ಅನೇಕ ಸನ್ಮಾನಗಳಿಗೆ ಭಾಜನರಾಗಿರುತ್ತಾರೆ.' ಇದನ್ನು ಯಾರ ಹೆಸರಿಗೆ ಬೇಕಾದರೂ ಅಂಟಿಸಬಹುದು. ಓದುವವರಿಗೆ ಏನೂ ತಿಳಿಯುವುದಿಲ್ಲ. ನಾನು ಅದನ್ನು ತೆಗೆದು ಹೀಗೆ ಟೈಪ್ ಮಾಡುತ್ತೇನೆ: '1974ರ ಸುಮಾರಿಗೆ ತಂದೆಯಿಂದ ದೊಡ್ಡಾಟ ಕಲಿತರು. ದ್ರೌಪದಿ ವಸ್ತ್ರಾಪಹರಣದಲ್ಲಿ ಮೊದಲು ದ್ರೌಪದಿ, ದನಿ ಒಡೆದ ಮೇಲೆ ದುಶ್ಶಾಸನ. ಒಂಬತ್ತು ಪ್ರಸಂಗ ಬಾಯಿಪಾಠ. ಕುಷ್ಟಗಿ, ಯಲಬುರ್ಗಾ ತಾಲ್ಲೂಕಿನ ಆರು ಹಳ್ಳಿಗಳಲ್ಲಿ ತಾಲೀಮು ಕೊಟ್ಟಿದ್ದಾರೆ. ಅದರಲ್ಲಿ ನಾಲ್ಕು ಕಡೆ ಇಂದಿಗೂ ಆಟ ನಡೆಯುತ್ತಿದೆ.' ಮನೆಯವರಿಗೆ ಇದು ಸಪ್ಪೆ ಎನಿಸುತ್ತದೆ. 'ಅಣ್ಣಾ, ಸ್ವಲ್ಪ ಏರಿಸಿ ಬರಿ' ಎನ್ನುತ್ತಾರೆ. ಏರಿಸುವುದಿಲ್ಲ.

ಮೊದಲ ಪ್ಯಾರಾದಲ್ಲೇ ಕಲೆ, ಊರು, ಎಷ್ಟು ವರ್ಷ, ಎಷ್ಟು ಶಿಷ್ಯರು ಬಂದುಬಿಡಲಿ. ನೂರಾರು ಹೆಸರು ನೋಡಬೇಕಾದವರು ಎರಡನೇ ಪುಟಕ್ಕೆ ಬರುವುದೇ ಅಪರೂಪ.

ಒಂದು ತಾಂತ್ರಿಕ ವಿಷಯ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಆನ್‌ಲೈನ್ ಫಾರಂಗೆ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಗೀಚು ಬರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿವೆಯೇ ಎಂದು ಒಂದು ಸಲ ಗಟ್ಟಿಯಾಗಿ ಓದಿ ನೋಡಿ. ಪಿಡಿಎಫ್ ಸೈಜು ಫಾರಂನಲ್ಲಿ ಹೇಳಿದಷ್ಟಕ್ಕೆ ಇಳಿಸಿ. ಮೊಬೈಲ್ ನಂಬರಿನ ಜಾಗದಲ್ಲಿ ಫೋನ್ ಎತ್ತುವವರ ನಂಬರು ಹಾಕಿ; ಅಜ್ಜನ ನಂಬರು ಕೊಟ್ಟರೆ ಅದು ಗೂಟಕ್ಕೆ ನೇತುಹಾಕಿದ ಅಂಗಿಯ ಜೇಬಿನಲ್ಲಿ ಬಡಿದುಕೊಳ್ಳುತ್ತಾ ಇರುತ್ತದೆ.

ಶಿಫಾರಸು, ವಶೀಲಿ, ದುಡ್ಡು

ಶಾಸಕರ ಪತ್ರ ಬೇಕೇ ಎನ್ನುವ ಪ್ರಶ್ನೆ ಎಲ್ಲರದೂ. ವಶೀಲಿ ನಡೆಯುವುದೇ ಇಲ್ಲ ಎಂದು ನಾನು ಹೇಳಿದರೆ ನೀವು ನಗುತ್ತೀರಿ. ಆದರೆ ಲೆಟರ್‌ಹೆಡ್ಡಿನ ಮೇಲೆ ಎರಡೇ ಸಾಲು, 'ಪರಿಗಣಿಸಲು ಕೋರಿದೆ' ಎಂದಿರುವುದು ಎಲ್ಲರ ಫೈಲಿನಲ್ಲೂ ಇರುತ್ತದೆ. ಅದರ ಜೊತೆಗೆ, ಆಟ ಕಣ್ಣಾರೆ ನೋಡಿದ ಕಾಲೇಜು ಮೇಷ್ಟ್ರು ಒಬ್ಬರಿಂದ, ಜಾನಪದದ ಮೇಲೆ ಕೆಲಸ ಮಾಡಿದವರಿಂದ, ಈ ಹಿಂದೆ ಅಕಾಡೆಮಿ ಪ್ರಶಸ್ತಿ ಪಡೆದ ಅದೇ ಕಲೆಯ ಹಿರಿಯರಿಂದ ಒಂದು ಪುಟ ಬರೆಸಿ. ಇವರ ಭಾಗವತಿಕೆಯಲ್ಲಿ ಬೇರೆ ಕಡೆ ಇಲ್ಲದ್ದು ಏನಿದೆ ಎಂದು ಅವರು ಹೇಳಬಲ್ಲರು, ಶಾಸಕರು ಹೇಳಲಾರರು. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಎರಡೂ ನಮಗೆ ದೂರವೇನಲ್ಲ. ಅಲ್ಲಿಯ ಸಂಶೋಧನಾ ವಿದ್ಯಾರ್ಥಿಗಳು ಇಂಥ ಕಲಾವಿದರನ್ನೇ ಹುಡುಕುತ್ತಿರುತ್ತಾರೆ.

'ಲಿಸ್ಟಿನಲ್ಲಿ ಹೆಸರು ಕೂರಿಸುತ್ತೇನೆ, ಇಷ್ಟು ಖರ್ಚಾಗುತ್ತೆ' ಎನ್ನುವ ಮಧ್ಯವರ್ತಿಗಳು ಪ್ರತಿ ಅಕ್ಟೋಬರಿನಲ್ಲಿ ಹುಟ್ಟಿಕೊಳ್ಳುತ್ತಾರೆ. ಒಂದು ರೂಪಾಯಿ ಕೊಡಬೇಡಿ. ಇನ್ನೊಂದು ಬಗೆಯವರು ಖಾಸಗಿ ಸಂಘದ ಹೆಸರಿನಲ್ಲಿ ಸರ್ಕಾರದ ಪ್ರಶಸ್ತಿಯನ್ನೇ ಹೋಲುವ ಹೆಸರಿಟ್ಟು, ನೋಂದಣಿ ಶುಲ್ಕ ಕಟ್ಟಿಸಿಕೊಂಡು, ಬಾಡಿಗೆ ಸಭಾಂಗಣದಲ್ಲಿ ಒಂದೇ ದಿನ ನೂರಾರು ಜನಕ್ಕೆ ಪೇಟ ತೊಡಿಸುವವರು. ಗೌರವ ಡಾಕ್ಟರೇಟೂ ಇದೇ ದರದಲ್ಲಿ ಸಿಗುತ್ತದೆ. ಅಂಥ ಕಾಗದಗಳನ್ನು ಫೈಲಿಗೆ ಸೇರಿಸಬೇಡಿ. ನೋಡುವವರಿಗೆ ಅವುಗಳ ಪರಿಚಯ ಚೆನ್ನಾಗಿರುತ್ತದೆ, ಜೊತೆಯಲ್ಲಿರುವ ಒಳ್ಳೆಯ ಕಾಗದದ ಮೇಲೂ ಅನುಮಾನ ಬರುತ್ತದೆ.

ಮೇಳದ ಕಲೆಯಾದರೆ ಯಾರ ಹೆಸರು ಎನ್ನುವುದನ್ನು ಮೊದಲೇ ಕೂತು ಮಾತಾಡಿಕೊಳ್ಳಿ. ಡೊಳ್ಳಿನ ಮೇಳದಲ್ಲಿ ಒಬ್ಬರ ಹೆಸರು ಹೋಗಿ, ಉಳಿದವರು ಮರುದಿನದಿಂದ ಬಾರಿಸುವುದನ್ನೇ ಬಿಟ್ಟದ್ದಿದೆ. ಸಂಘ ಸಂಸ್ಥೆಗಳನ್ನೂ ಸರ್ಕಾರ ಗೌರವಿಸುತ್ತದೆ. 2023ರಲ್ಲಿ ಕರ್ನಾಟಕ ಎಂದು ಹೆಸರಾಗಿ ಐವತ್ತು ವರ್ಷವಾದಾಗ ವ್ಯಕ್ತಿಗಳ ಜೊತೆ 10 ಸಂಸ್ಥೆಗಳಿಗೂ ಪ್ರಶಸ್ತಿ ಬಂತು. ಮೇಳ ನೋಂದಣಿಯಾಗಿದ್ದರೆ ಆ ದಾರಿಯನ್ನೂ ನೋಡಿ.

ಸಮಯ

ಯುಗಾದಿ ಹೊತ್ತಿಗೆ ಕೆಲಸ ಶುರುವಾದರೆ ಒಳ್ಳೆಯದು. ಜಾತ್ರೆ, ಆಟಗಳ ಕಾಲ ಅದು, ಹೊಸ ಫೋಟೋ ಸಿಗುತ್ತವೆ, ಬಿತ್ತನೆಯ ಗಡಿಬಿಡಿ ಇರುವುದಿಲ್ಲ. ಶ್ರಾವಣಕ್ಕೆ ಫೈಲು ತಯಾರಿರಲಿ. ಪ್ರಕಟಣೆ ಬಂದರೆ ದಿನಗಳು ಕಡಿಮೆ ಇರುತ್ತವೆ, ಕೊನೆಯ ದಿನ ಸರ್ವರ್ ನಿಂತಿರುತ್ತದೆ. ಪಟ್ಟಿ ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೆ ಹೊರಬೀಳುತ್ತದೆ, ನವೆಂಬರ್ 1ಕ್ಕೆ ಪ್ರದಾನ. ನಡುವೆ ಉಳಿಯುವುದು ಕೆಲವೇ ದಿನ. ಆ ವಾರ ಫೋನು ಚಾರ್ಜಿನಲ್ಲಿರಲಿ, ಗೊತ್ತಿಲ್ಲದ ನಂಬರು ಬಂದರೂ ಎತ್ತಿ. ಆದರೆ ಆ ಕರೆಯಲ್ಲಿ ಒಟಿಪಿ, ಎಟಿಎಂ ಪಿನ್ ಕೇಳಿದರೆ ಕಟ್ ಮಾಡಿ, ಕೊಪ್ಪಳದ ಕಚೇರಿಗೆ ನೀವೇ ಫೋನು ಮಾಡಿ ಖಚಿತಪಡಿಸಿಕೊಳ್ಳಿ. ಅಜ್ಜನ ಜೊತೆ ಬೆಂಗಳೂರಿಗೆ ಹೋಗುವವರು ಒಬ್ಬರೇ ಇರಲಿ, ಔಷಧದ ಚೀಟಿ ಗೊತ್ತಿರುವವರು.

ಹೆಸರು ಬರಲಿಲ್ಲವೆಂದರೆ ಫೈಲನ್ನು ಅಟ್ಟಕ್ಕೆ ಎಸೆಯಬೇಡಿ. ಆ ವರ್ಷದ ಹೊಸ ಕಾರ್ಯಕ್ರಮದ ಪತ್ರಿಕೆ, ಹೊಸ ಶಿಷ್ಯರ ಹೆಸರು ಸೇರಿಸಿ, ಹಳೆಯ ದಿನಾಂಕ ತೆಗೆದು, ಅಕಾಡೆಮಿಯ ಪ್ರಕಟಣೆಗೆ ಕಾಯಿರಿ. ನನ್ನ ಕಂಪ್ಯೂಟರಿನಲ್ಲಿ ಎಲ್ಲರ ಫೈಲೂ ಊರಿನ ಹೆಸರಿನಲ್ಲಿ ಇಟ್ಟಿದ್ದೇನೆ. ಎರಡನೇ ಸಲ ಬಂದವರಿಗೆ ತಿದ್ದುಪಡಿಯ ಪುಟಕ್ಕಷ್ಟೇ ದುಡ್ಡು.